ಸಹಿಗೊಂದು ಸಹಿ, ಅದಕ್ಕೂ ಒಂದು ಸಹಿ

ಭಟ್ಕಳದ ಮನುಷ್ಯನಿಗೆ ದುಬೈ ದೂರವಲ್ಲ. ಊರಿನಲ್ಲಿ ರಾತ್ರಿಯ ಊಟ ಮುಗಿಸಿ ಮಂಗಳೂರಿನಲ್ಲಿ ವಿಮಾನ ಹತ್ತಿದರೆ ಬೆಳಗಿನ ಚಹಾ ಅಲ್ಲಿ. ಮಳೆಗಾಲದಲ್ಲಿ ಘಟ್ಟ ಹತ್ತಿ ಶಿರಸಿ ತಲುಪುವುದೇ ಇದಕ್ಕಿಂತ ಅನುಮಾನದ ಕೆಲಸ. ಆದರೆ ಅವನ ಬಿ.ಕಾಂ. ಪದವಿ ಹಾಗೆ ವಿಮಾನ ಹತ್ತುವಂತಿಲ್ಲ. ಧಾರವಾಡದಲ್ಲಿ ಹುಟ್ಟಿ, ಅರಬೈಲ್ ಘಟ್ಟ ಇಳಿದು ಮನೆ ಸೇರಿದ ಆ ಕಾಗದ ಮತ್ತೆ ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ದೆಹಲಿಗೆ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಕಾಗದದ ಮೇಲೆಯೇ ಓಡುತ್ತಿರುವುದರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಗದಗಳೆಲ್ಲ ಬಸ್ಸಿನಲ್ಲಿ ಓಡಬೇಕಾಗಿದೆ.

ಇಷ್ಟು ತಿರುಗಾಟ ಏತಕ್ಕೆಂದರೆ ದೃಢೀಕರಣಕ್ಕೆ. ಹುಡುಗ ಉತ್ತೀರ್ಣನಾಗಿದ್ದಾನೆ ಎಂದು ವಿಶ್ವವಿದ್ಯಾಲಯ ಸಹಿ ಹಾಕುತ್ತದೆ. ವಿಶ್ವವಿದ್ಯಾಲಯದ ಸಹಿ ಅಸಲಿ ಎಂದು ರಾಜ್ಯದ ಅಧಿಕಾರಿ ಸಹಿ ಹಾಕುತ್ತಾರೆ. ರಾಜ್ಯದ ಅಧಿಕಾರಿಯ ಸಹಿ ಅಸಲಿ ಎಂದು ದೆಹಲಿಯ ವಿದೇಶಾಂಗ ಸಚಿವಾಲಯ, ಸಚಿವಾಲಯದ ಸಹಿ ಅಸಲಿ ಎಂದು ಯುಎಇ ರಾಯಭಾರ ಕಚೇರಿ, ರಾಯಭಾರ ಕಚೇರಿಯ ಸಹಿ ಅಸಲಿ ಎಂದು ಆ ದೇಶದ ವಿದೇಶಾಂಗ ಸಚಿವಾಲಯ. ಕಾಗದದ ಮುಖಭಾಗದಲ್ಲಿ ಹುಡುಗನ ಬಗ್ಗೆ ಒಂದು ಸಾಲು ಇರುತ್ತದೆ. ಬೆನ್ನ ಮೇಲೆ ಸರ್ಕಾರಿ ನೌಕರರ ಬಗ್ಗೆ ಒಂದು ಪುಟ. ಕುಮಟಾದ ಏಜೆಂಟರೊಬ್ಬರ ಬಳಿ ಕಾಗದ ಕೊಡಲು ಬಂದ ಹುಡುಗ ಹೆದರಿಕೊಂಡು, "ಅಣ್ಣಾ, ಅವರು ಅಂಕಪಟ್ಟಿ ಓದುತ್ತಾರೆಯೇ? ಎರಡನೆಯ ಸೆಮಿಸ್ಟರಿನಲ್ಲಿ ಸ್ವಲ್ಪ ಕಡಿಮೆ ಇದೆ" ಎಂದನಂತೆ. "ಓದುತ್ತಾ ಕೂರಲು ಅವರಿಗೆ ಬೇರೆ ಕೆಲಸವಿಲ್ಲವೇ ತಮ್ಮಾ? ಮೊಹರು ಅಳಿಸಿಲ್ಲ ತಾನೇ?" ಎಂದರಂತೆ ಏಜೆಂಟರು.

ಈ ಸರಪಳಿ ಅತಿಯಾಯಿತೆಂದು ಜಗತ್ತಿಗೆ ಎಂದೋ ಅನ್ನಿಸಿತ್ತು. 1961ರಲ್ಲಿ ಹೇಗ್ ನಗರದಲ್ಲಿ ಹಲವು ದೇಶಗಳು ಕುಳಿತು ಅಪೋಸ್ಟಿಲ್ ಎಂಬ ಒಂದೇ ಮೊಹರಿನ ಏರ್ಪಾಡು ಮಾಡಿದವು. ಭಾರತ 2005ರಲ್ಲಿ ಅದನ್ನು ಸೇರಿತು. ಒಮಾನ್ ಕೂಡ ಸೇರಿದೆ, ಯುಎಇ ಸೇರಿಲ್ಲ. ಹೀಗಾಗಿ ಒಂದೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಗೈಡ್ ಉರುಹೊಡೆದ ಇಬ್ಬರಲ್ಲಿ ಮಸ್ಕತ್ತಿಗೆ ಹೊರಟವನ ವಿದ್ಯೆಗೆ ರಾಜ್ಯದ ಸಹಿಯ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಒಂದು ಚೀಟಿ ಸಾಕು, ದುಬೈಗೆ ಹೊರಟವನ ವಿದ್ಯೆಗೆ ಇಡೀ ಸರಪಳಿಯೇ ಬೇಕು.

ಅಪೋಸ್ಟಿಲ್ ಮಾಡಿದವರ ಪ್ರಾಮಾಣಿಕತೆಯನ್ನು ಮಾತ್ರ ಮೆಚ್ಚಬೇಕು. ಈ ಮೊಹರು ಸಹಿಯನ್ನೂ ಸಹಿ ಮಾಡಿದವರ ಹುದ್ದೆಯನ್ನೂ ದೃಢೀಕರಿಸುತ್ತದೆಯೇ ಹೊರತು ಒಳಗೆ ಬರೆದಿರುವುದನ್ನಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದಾರೆ. ಅಂದರೆ ಕಾಳಿ ನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ ಎಂದು ಅಧಿಕಾರವುಳ್ಳವರೊಬ್ಬರು ಸಹಿ ಹಾಕಿ ಕೊಟ್ಟರೆ ಅದಕ್ಕೂ ಅಪೋಸ್ಟಿಲ್ ಸಿಗಬಹುದು. ನದಿ ಎತ್ತ ಹರಿದರೇನು, ಸಹಿ ನೆಟ್ಟಗಿದ್ದರಾಯಿತು.

ಶಿರಸಿಯ ಅಡಿಕೆ ವ್ಯಾಪಾರಿ ಹೀಗೆ ವ್ಯಾಪಾರ ಮಾಡಿದ್ದರೆ ಎಂದೋ ಅಂಗಡಿ ಮುಚ್ಚುತ್ತಿದ್ದ. ಅವನು ರಾಶಿಗೆ ಕೈ ಹಾಕಿ ಅಡಿಕೆಯನ್ನು ಎತ್ತಿಕೊಳ್ಳುತ್ತಾನೆ, ಕತ್ತರಿಸಿ ಒಳಗನ್ನು ನೋಡುತ್ತಾನೆ, ಮೂಸುತ್ತಾನೆ, ಆಮೇಲೆ ಟೆಂಡರ್ ಚೀಟಿಯಲ್ಲಿ ದರ ಬರೆಯುತ್ತಾನೆ. ಚಾಲಿಯೋ ಬೆಟ್ಟೆಯೋ ಕೆಂಪುಗೋಟೋ ಎನ್ನುವುದು ತೀರ್ಮಾನವಾಗುವುದು ಅಡಿಕೆಯಿಂದ. ನಮ್ಮ ಪದವಿಗಳ ಮಂಡಿಯಲ್ಲಿ ಮಾತ್ರ ಚೀಲ ಬಿಚ್ಚುವ ಪದ್ಧತಿಯಿಲ್ಲ; ಹೊಲಿಗೆ ಯಾರದ್ದು, ದಾರ ಯಾವ ಊರಿನದ್ದು ಎಂದು ನೋಡಿಯೇ ದರ ಕಟ್ಟುತ್ತಾರೆ.

ಇನ್ನು ವರ್ಷಗಳ ಲೆಕ್ಕ. ಭಾರತದ ಮೂರು ವರ್ಷದ ಪದವಿ ಅಮೆರಿಕದಲ್ಲಿ ಅನೇಕ ಕಡೆ ಅವರ ನಾಲ್ಕು ವರ್ಷದ ಪದವಿಗೆ ಸಮವಲ್ಲ. ನಮ್ಮ ರಾಜ್ಯ ಇದಕ್ಕೊಂದು ಮದ್ದು ಹುಡುಕಿತು: ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ನಾಲ್ಕು ವರ್ಷದ ಪದವಿ ತಂದಿತು. 2024ರಲ್ಲಿ ಸರ್ಕಾರಕ್ಕೆ ಬೇರೆ ಜ್ಞಾನೋದಯವಾಗಿ ಮತ್ತೆ ಮೂರು ವರ್ಷ ಮಾಡಿತು. ಸಿದ್ದಾಪುರದ ಕಡೆ ಒಂದೇ ಮನೆಯ ಮೂವರು ಮಕ್ಕಳನ್ನು ಊಹಿಸಿಕೊಳ್ಳಿ. ಹಿರಿಯವನು ಮೂರು ವರ್ಷದವನು, ನಡುವಿನವಳು 2021ರಲ್ಲಿ ಸೇರಿ ನಾಲ್ಕು ವರ್ಷ ಓದಿದವಳು, ಕಿರಿಯವನು ಮತ್ತೆ ಮೂರು ವರ್ಷದವನು. ಒಂದೇ ಊರು, ಒಂದೇ ಕಾಲೇಜು, ಬಹುಶಃ ಪಾಠ ಹೇಳಿದ ಮೇಷ್ಟರೂ ಅವರೇ. ಕ್ಯಾಲಿಫೋರ್ನಿಯಾದ ಸಂಬಂಧ ಬಂದರೆ ಗಂಡುಮಕ್ಕಳಿಬ್ಬರನ್ನೂ ಪದವೀಧರರೆಂದು ಹೇಳಬಹುದೇ, ಅಥವಾ ಮುಕ್ಕಾಲು ಪದವೀಧರರೆಂದು ಜಾತಕದ ಕೆಳಗೆ ಬರೆಯಬೇಕೇ ಎಂದು ಅಪ್ಪಯ್ಯ ತಲೆ ಕೆರೆದುಕೊಳ್ಳುವುದು ಸಹಜ.

ಅಮೆರಿಕದವರು ನಮಗೆ ಮಾಡಿದ್ದನ್ನೇ ನಾವು ಬ್ರಿಟನ್ನಿಗೆ ಮಾಡಿದ್ದೆವು. ಅಲ್ಲಿಯ ಒಂದು ವರ್ಷದ ಎಂ.ಎ., ಎಂ.ಎಸ್ಸಿ.ಗಳನ್ನು ನಮ್ಮ ಎರಡು ವರ್ಷದ ಪದವಿಗೆ ಸಮವೆಂದು ಒಪ್ಪದೆ ದೀರ್ಘಕಾಲ ಸೇಡು ತೀರಿಸಿಕೊಂಡೆವು. 2022ರ ಜುಲೈಯಲ್ಲಿ ಎರಡೂ ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿದವು. ಪಠ್ಯ ಬದಲಾಗಲಿಲ್ಲ, ಪ್ರಾಧ್ಯಾಪಕರು ಬದಲಾಗಲಿಲ್ಲ. ಅರೆಬೆಂದಿದ್ದ ಪದವಿ ಒಂದು ಸಹಿಯ ಶಾಖಕ್ಕೆ ಹದವಾಗಿ ಬೆಂದಿತು. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವಿಗಳನ್ನು ಮಾತ್ರ ಒಲೆಯಿಂದ ಆಚೆ ಇಟ್ಟರು.

ವೈದ್ಯಕೀಯದ ಕತೆಗೆ ಸ್ವಲ್ಪ ಇತಿಹಾಸವಿದೆ. ಬ್ರಿಟಿಷರು ತಾವೇ ಕಟ್ಟಿದ ಕಾಲೇಜುಗಳಲ್ಲಿ ತಮ್ಮದೇ ಪಠ್ಯ ಕಲಿಸಿ ತಯಾರಿಸಿದ ಭಾರತೀಯ ವೈದ್ಯರ ಪದವಿಯನ್ನು 1930ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಅಮಾನ್ಯ ಮಾಡಿತು. ಹೆರಿಗೆ ಮಾಡಿಸುವ ತರಬೇತಿ ಸಾಲದು ಎಂಬುದು ಆಕ್ಷೇಪ. ಆ ಹೊತ್ತಿಗೆ ಭಾರತದಲ್ಲಿ ಹುಟ್ಟಿದ್ದ ಕೋಟ್ಯಂತರ ಮಕ್ಕಳು ಹೇಗೆ ಹುಟ್ಟಿದವೋ ಮಂಡಳಿಯೇ ಬಲ್ಲದು. ಆ ಅವಮಾನದ ಬಿಸಿಯಲ್ಲಿ 1933ರ ಕಾಯ್ದೆ ಬಂದು ನಮ್ಮದೇ ವೈದ್ಯಕೀಯ ಮಂಡಳಿ ಹುಟ್ಟಿತು. 1975ರಲ್ಲಿ ಅವರು ಮತ್ತೊಮ್ಮೆ ಮಾನ್ಯತೆ ಹಿಂಪಡೆದರು. ನಾವೇನು ಕಡಿಮೆ? 2002ರಿಂದ ಹೊರದೇಶದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ನಾವೂ ಪರೀಕ್ಷೆ ಇಟ್ಟೆವು: 300 ಪ್ರಶ್ನೆ, 150 ಬಂದರೆ ಪಾಸು. ರಷ್ಯಾದಲ್ಲಿ ಓದಿದವರು ಬರೆಯಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸ್ನಾತಕೋತ್ತರ ಪದವಿ ಹಿಡಿದು ಬಂದವರಿಗೆ ಹೂಹಾರ.

ಪರೀಕ್ಷೆಯ ವಿರುದ್ಧ ನನ್ನದೇನೂ ತಕರಾರಿಲ್ಲ. ಇಡೀ ವ್ಯವಹಾರದಲ್ಲಿ ಚೀಲ ಬಿಚ್ಚಿ ನೋಡುವ ಜಾಗ ಇದೊಂದೇ. ಯಾರ ಚೀಲ ಬಿಚ್ಚಬೇಕು ಎನ್ನುವುದನ್ನು ಇಂಗ್ಲಿಷ್ ಉಚ್ಚಾರಣೆ ನೋಡಿ ತೀರ್ಮಾನಿಸುತ್ತಾರಲ್ಲ, ನಗು ಬರುವುದು ಅಲ್ಲಿ. ನಮ್ಮ ಜಿಲ್ಲೆಯ ರೋಗಿಗಳನ್ನಾದರೂ ನೋಡಿ ಕಲಿಯಬಹುದು. ದೊಡ್ಡ ಕಾಯಿಲೆ ಬಂದಾಗ ಕಾರವಾರದವರು ಗೋವಾದ ಬಾಂಬೋಳಿಗೆ, ಹೊನ್ನಾವರದವರು ಮಣಿಪಾಲಕ್ಕೆ, ಯಲ್ಲಾಪುರದವರು ಹುಬ್ಬಳ್ಳಿಗೆ ಓಡುತ್ತಾರೆ. ಅವರು ಕೇಳುವುದು ಒಂದೇ ಮಾತು, "ಡಾಕ್ಟರು ಇದ್ದಾರೆಯೇ?"

ಹೊರದೇಶದ ಇತರ ಪದವಿಗಳಿಗೆ, ಇವು ನಮ್ಮ ಪದವಿಗೆ ಸಮ ಎಂಬ ತತ್ಸಮಾನ ಪತ್ರ ಕೊಡುವ ಕೆಲಸ ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದಾಗಿತ್ತು. 1925ರಲ್ಲಿ ಹುಟ್ಟಿದ ಸಂಘಕ್ಕೆ ನೂರು ತುಂಬಿದ ವರ್ಷವೇ, 2025ರ ಏಪ್ರಿಲ್‌ನಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊಸ ನಿಯಮಾವಳಿ ಹೊರಡಿಸಿ ಆ ಕೆಲಸವನ್ನು ತಾನು ವಹಿಸಿಕೊಂಡಿತು. ಶತಮಾನೋತ್ಸವಕ್ಕೆ ಶಾಲು ಹೊದಿಸುವ ಬದಲು ಹೆಗಲ ಭಾರ ಇಳಿಸಿದರು. ವಿದೇಶಿ ಸಂಸ್ಥೆಗೆ ಅದರ ದೇಶದಲ್ಲಿ ಮಾನ್ಯತೆ ಇರಬೇಕು, ಪ್ರವೇಶದ ಅರ್ಹತೆ ನಮ್ಮಲ್ಲಿಯಂತೆಯೇ ಇರಬೇಕು, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ನಡೆಸುವ ಫ್ರಾಂಚೈಸಿಯ ಪದವಿ ನಡೆಯುವುದಿಲ್ಲ ಎಂದು ನಿಯಮ.

ಕಾರವಾರದ ಕಡೆಯಿಂದ ಬರೆದು ಟ್ಯಾಗೋರರನ್ನು ತಾರದಿದ್ದರೆ ಓದುಗರು ಕ್ಷಮಿಸುವುದಿಲ್ಲ, ಆದ್ದರಿಂದ ಅವರ ಕಡತವನ್ನೂ ನೋಡೋಣ. ರವೀಂದ್ರನಾಥರು ಲಂಡನ್ನಿಗೆ ಓದಲು ಹೋಗಿ 1880ರಲ್ಲಿ ಪದವಿಯಿಲ್ಲದೆ ಮರಳಿದರು. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಾಗ ಅವರ ಕೈಯಲ್ಲಿ ಒಂದೂ ಅಂಕಪಟ್ಟಿ ಇರಲಿಲ್ಲ. ಕೊನೆಗೆ 1940ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೇ ಬೋಲ್ಪುರದ ಬಳಿಯ ಶಾಂತಿನಿಕೇತನಕ್ಕೆ ಬಂದು ಡಾಕ್ಟರೇಟ್ ಕೊಟ್ಟಿತು. ಆ ಪತ್ರ ಇಂದು ತತ್ಸಮಾನಕ್ಕೆ ಬಂದರೆ ಕಡತದ ಮೇಲಿನ ಟಿಪ್ಪಣಿ ಹೀಗಿರಬಹುದು: "ಅರ್ಜಿದಾರರ ಶಾಲಾ ವರ್ಗಾವಣೆ ಪತ್ರ ಲಗತ್ತಿಸಿರುವುದಿಲ್ಲ. ಲಂಡನ್ನಿನ ವ್ಯಾಸಂಗ ಅಪೂರ್ಣ. ಆಕ್ಸ್‌ಫರ್ಡ್ ಪದವಿಯನ್ನು ಬೋಲ್ಪುರದ ಬಳಿ ಪಡೆದಿರುವುದರಿಂದ ಸದರಿ ಸಂಸ್ಥೆಯೊಂದಿಗೆ ಫ್ರಾಂಚೈಸಿ ಒಪ್ಪಂದವಿದೆಯೇ ಎಂಬುದನ್ನು ಸ್ಪಷ್ಟಪಡಿಸುವುದು. ಅರ್ಜಿದಾರರು ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು."