ಹಪ್ಪಳ ಒತ್ತುವುದು ಧ್ಯಾನವಲ್ಲ ಮಾರಾಯರೆ

ನಾದಿನಿಯ ಮಗ ಬೆಂಗಳೂರಿನಿಂದ ಬಂದು ಹೋದ. ಇದ್ದಷ್ಟು ಹೊತ್ತೂ ನಮ್ಮ ಅಂಗಳದ ಹಲಸಿನ ಹಪ್ಪಳದ ಗೌಜಿಯನ್ನು ಮೊಬೈಲಿನಲ್ಲಿ ಹಿಡಿಯುತ್ತಲೇ ಇದ್ದ. ನಿನ್ನೆ ರಾತ್ರಿ ಅದು ರೀಲ್ಸ್ ಆಗಿ ನನ್ನ ಕಣ್ಣಿಗೆ ಬಿತ್ತು. ಹಿನ್ನೆಲೆಯಲ್ಲಿ ಕೊಳಲು. ನನ್ನ ಅತ್ತೆ ಹಪ್ಪಳದ ಮಣೆಯನ್ನು ಒತ್ತುವುದು ಆಮೆ ವೇಗದಲ್ಲಿ. ಮೇಲೊಂದು ಸಾಲು: 'ಅವಸರವಿಲ್ಲ, ಚಿಂತೆಯಿಲ್ಲ. ಬದುಕಿನ ಅರ್ಥ ಕರ್ನಾಟಕದ ಈ ಪುಟ್ಟ ಹಳ್ಳಿಯಲ್ಲಿದೆ.'

ಮೊದಲು ಆ ಕರ್ನಾಟಕದ ವಿಷಯ ಮುಗಿಸುತ್ತೇನೆ. ನಮ್ಮ ಹಳ್ಳಿ ಇರುವುದು ಕೇರಳದ ಕಾಸರಗೋಡಿನಲ್ಲಿ. 1956ರ ನವೆಂಬರ್ 1ರಂದು ಆಗದ್ದನ್ನು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಬರೆದುಕೊಟ್ಟ ಮೇಲೂ ಆಗದ್ದನ್ನು ನಮ್ಮ ಮಾಣಿ ಒಂದೇ ಸಾಲಿನಲ್ಲಿ ಸಾಧಿಸಿದ್ದಾನೆ. ಅಭಿನಂದನೆಗಳು. ಪಡಿತರ ಚೀಟಿ ಇನ್ನೂ ಮಲಯಾಳದಲ್ಲೇ ಬರುತ್ತಿದೆ, ಅದನ್ನೂ ಸ್ವಲ್ಪ ನೋಡಿಕೊಂಡರೆ ಉಪಕಾರವಾದೀತು.

ನನ್ನ ಸಿಟ್ಟು ಇರುವುದು ಆ 'ಅವಸರವಿಲ್ಲ' ಎಂಬ ಮಾತಿನ ಮೇಲೆ. ಮೇ ತಿಂಗಳ ಕೊನೆ. ಪೆರ್ಲದ ಕಡೆಯ ಗುಡ್ಡದ ಹಿಂದೆ ಮಧ್ಯಾಹ್ನಕ್ಕೇ ಮೋಡ ಕಟ್ಟುತ್ತಿತ್ತು. ಜೂನ್ ಹಿಡಿಯಿತೆಂದರೆ ನಮ್ಮಲ್ಲಿ ಬಟ್ಟೆ ಒಣಗುವುದೇ ಕಷ್ಟ, ಇನ್ನು ಹಪ್ಪಳ ಒಣಗುವುದುಂಟೇ? ಚಾಪೆಯ ತುಂಬ ಹಸಿ ಹಪ್ಪಳ, ಅಡುಗೆಮನೆಯಲ್ಲಿ ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆಯ ತುಂಬ ಇನ್ನೂ ಸೊಳೆ, ಅಂದರೆ ಹಲಸಿನ ತೊಳೆ, ಬೇಯುತ್ತಿದೆ. ಅಂತಹ ಹೊತ್ತಿನಲ್ಲಿ ಈ ಮಹಾರಾಯ, "ಅಜ್ಜಿ, ಬೆಳಕು ಚೆನ್ನಾಗಿದೆ, ಇನ್ನೊಮ್ಮೆ ಒತ್ತಿ, ಸ್ವಲ್ಪ ನಗಿ" ಎನ್ನುತ್ತಾನೆ. ಮೊಮ್ಮಗನಲ್ಲವೇ, ಅತ್ತೆ ನಕ್ಕರು. ಅದೇ ನಗುವಿನ ಕೆಳಗೆ ಈಗ ಹೃದಯಗಳ ಸುರಿಮಳೆ.

ಅವನು ಹಿಡಿಯದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಹಪ್ಪಳ ಶುರುವಾಗುವುದು ಹಲಸಿನ ಕಾಯಿಯ ಮೇಣದಿಂದ. ಕೈಗೆಷ್ಟು ತೆಂಗಿನೆಣ್ಣೆ ಬಳಿದುಕೊಂಡರೂ ಬೆರಳ ಸಂದಿಯಲ್ಲಿ ಅಂಟಿ ಕೂರುತ್ತದೆ. ಕಾಯಿ ಹೋಳು ಮಾಡಿ, ನಡುವಿನ ಗೂಂಜು ತೆಗೆದು, ಸೊಳೆ ಬಿಡಿಸಿ, ಬೇಳೆಯನ್ನು, ಅಂದರೆ ಬೀಜವನ್ನು, ಬೇರೆ ರಾಶಿ ಹಾಕುವಷ್ಟರಲ್ಲಿ ಸೊಂಟ ತನ್ನ ಇರವನ್ನು ಸಾರುತ್ತದೆ. ಬೆಂದ ಸೊಳೆಯನ್ನು ಬಿಸಿ ಆರುವ ಮೊದಲೇ ಅರೆಯಬೇಕು, ನೀರು ಸೋಕಬಾರದು. ಉಪ್ಪು, ಮೆಣಸು, ಜೀರಿಗೆ ಬೀಳುವ ಹೊತ್ತಿಗೆ ಯುದ್ಧ. ಪಕ್ಕದ ಮನೆಯ ಅಕ್ಕ ಪ್ರತಿ ವರ್ಷ ಒಂದು ಚಿಟಿಕೆ ಹಿಟ್ಟನ್ನು ಬಾಯಿಗೆ ಹಾಕಿ, "ಉಪ್ಪು ಸಾಲದು" ಎನ್ನುತ್ತಾರೆ. ಅತ್ತೆ ಪ್ರತಿ ವರ್ಷ, "ಒಣಗಿದ ಮೇಲೆ ಉಪ್ಪು ಎದ್ದು ಕಾಣುತ್ತದೆ, ನಿನಗೆ ಗೊತ್ತಿಲ್ಲ" ಎನ್ನುತ್ತಾರೆ. ಅಲ್ಲಿಂದ ಯಾರ ಮನೆಯ ಯಾವ ಮದುವೆಯ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು, ಆ ಮದುವೆಗೆ ಯಾರನ್ನು ಕರೆದಿರಲಿಲ್ಲ ಎಂಬಲ್ಲಿಯವರೆಗೆ ಮಾತು ಹೋಗುತ್ತದೆ. ನಾನು ಉಂಡೆ ಕಟ್ಟುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಬಾಯಿ ಹಾಕದೆ ಇರುವುದಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ಶಾಲೆಯಲ್ಲಿ ನನ್ನ ಗದರಿಕೆ ಕೇಳಿದವರೇ ನಿಮ್ಮಲ್ಲಿ ಅರ್ಧ ಜನ ಇದ್ದೀರಿ.

ಕೊಳಲಿನ ಅಡಿಯಲ್ಲಿ ಅವನು ಮುಚ್ಚಿಹಾಕಿದ್ದು ಈ ಸದ್ದನ್ನು. ನನಗೆ ಖುಷಿ ಕೊಡುವುದೇ ಈ ಸದ್ದು.

'ಪಾಪ, ಬಿಡಿ ಟೀಚರ್, ನಗರದಲ್ಲಿ ಬೇಯುವ ಮಕ್ಕಳಿಗೆ ಇಂಥದ್ದನ್ನು ನೋಡಿದರೆ ಸ್ವಲ್ಪ ತಂಪು' ಎಂದು ಯಾರಾದರೂ ಬರೆದೇ ಬರೆಯುತ್ತೀರಿ. ತಂಪಾಗಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ತಂಪು ಬೇಕಾದವನು ಕ್ಯಾಮೆರಾ ಕೆಳಗಿಟ್ಟು ಒಂದು ಕಾಯಿ ಬಿಡಿಸಲಿ. ನಮ್ಮ ಬೆವರನ್ನು ನೋಡಿ ಅವನಿಗೆ ಶಾಂತಿ ಸಿಕ್ಕಿತೆಂದರೆ ಆ ಶಾಂತಿಯ ಖರ್ಚು ಯಾರದು? 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯಫಲವೆಂದು ಘೋಷಿಸಿದಾಗಲೂ ಹೀಗೆಯೇ. ಮರದಡಿ ಹಣ್ಣು ಕೊಳೆಯಲು ಬಿಡುತ್ತಿದ್ದವರೆಲ್ಲ ರಾತ್ರೋರಾತ್ರಿ ಹಲಸಿನ ಮಹಿಮೆಯ ಭಾಷಣಕಾರರಾದರು. ಕಾಯಿ ಬಿಡಿಸುವವರ ಸಂಖ್ಯೆ ನನಗೆ ಕಂಡಂತೆ ಹೆಚ್ಚಲಿಲ್ಲ.

ಇಲ್ಲಿ ಒಂದು ಮಾತು. ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಅಪ್ಪ ತೀರಿಕೊಂಡ ವರ್ಷ ನನಗೆ ಯಾವುದರಲ್ಲೂ ಅರ್ಥ ಕಾಣುತ್ತಿರಲಿಲ್ಲ. ಆ ಬೇಸಗೆಯಲ್ಲಿ ಹಪ್ಪಳದ ಕಡೆ ತಲೆ ಹಾಕಲಿಲ್ಲ, ಒಳಕೋಣೆಯಲ್ಲಿ ಮಲಗಿಯೇ ಇರುತ್ತಿದ್ದೆ. ಅತ್ತೆ ಕರೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರಿಗೆ ಆ ವಿದ್ಯೆ ಗೊತ್ತಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯಿಂದಲೇ, "ಕಾಗೆ ಬಂತು, ನೋಡು!" ಎಂದು ಕೂಗಿದರು. ನಾನು ಕೋಲು ಹಿಡಿದು ಅಂಗಳಕ್ಕೆ ಓಡಿದೆ. ಕಾಗೆ ಹಾರಿ ತೆಂಗಿನ ಮರ ಸೇರಿತು. ಚಾಪೆಯಲ್ಲಿ ಒಂದು ಬದಿ ಒಣಗಿ ಅಂಚು ಎದ್ದ ಹಪ್ಪಳಗಳಿದ್ದವು, ಆಗಲೇ ಮಗುಚದಿದ್ದರೆ ಅಂಟಿಕೊಂಡು ಹರಿಯುತ್ತವೆ. ಕುಳಿತು ಮಗುಚಿದೆ. ಆ ಸಾಲು ಮುಗಿಯುವ ಹೊತ್ತಿಗೆ ಹಸಿವಾಗುತ್ತಿತ್ತು, ಬಹಳ ಸಮಯದ ನಂತರ. ಒಳಗೆ ಹೋಗಿ ಮೊಸರನ್ನ ಹಾಕಿಸಿಕೊಂಡು ಉಂಡೆ. ಅತ್ತೆ ಬಡಿಸಿದರು, "ಕಾಗೆ ಎಷ್ಟು ತಿಂದಿತು?" ಎಂದಷ್ಟೇ ಕೇಳಿದರು.

ಇದನ್ನು ರೀಲ್ಸ್ ಮಾಡು ನೋಡೋಣ. ಕೋಲು ಹಿಡಿದು, ಕೆದರಿದ ತಲೆಯಲ್ಲಿ ಕಾಗೆಯ ಹಿಂದೆ ಓಡುವ ನಡುವಯಸ್ಸಿನ ಹೆಂಗಸು. ಯಾವ ಕೊಳಲು ಹಾಕುತ್ತೀಯಪ್ಪ?

ಅಂದಹಾಗೆ ರೀಲ್ಸಿನಲ್ಲಿ ಒಬ್ಬರು, 'ಇಂತಹ ಅಜ್ಜಿಯರು ಈಗ ಎಲ್ಲಿ ಸಿಗುತ್ತಾರೆ?' ಎಂದು ಕೇಳಿದ್ದಾರೆ. ಸಿಗುತ್ತಾರೆ ಸ್ವಾಮಿ, ಕಾಸರಗೋಡಿನ ಬಸ್ಸು ಹತ್ತಿ ಬನ್ನಿ. ಆದರೆ ಬಂದವರಿಗೆ ಮೊದಲು ಕತ್ತಿ ಕೊಡುತ್ತಾರೆ, ಕಾಫಿ ಆಮೇಲೆ.

ಹಪ್ಪಳವನ್ನು ಕೊರಿಯರ್ ಮಾಡಿ ಎಂದು ಇಂದು ಬೆಳಗ್ಗೆ ಮಾಣಿಯ ಸಂದೇಶ ಬಂದಿದೆ. ಕಳಿಸಬಾರದು ಎನ್ನುವುದು ನನ್ನ ಪಟ್ಟು. ಅತ್ತೆ ನನ್ನ ಮಾತು ಕೇಳಿಸದವರ ಹಾಗೆ ಡಬ್ಬದಿಂದ ದುಂಡಗಿನ, ಅಂಚು ಹರಿಯದ ಹಪ್ಪಳಗಳನ್ನೇ ಆರಿಸಿ ಅವನ ಕಟ್ಟಿಗೆ ಹಾಕುತ್ತಿದ್ದಾರೆ. ಆಟಿ ತಿಂಗಳ ಮಳೆಗೆ ನಮ್ಮ ಪಾಲಿಗೆ ಉಳಿಯುವುದು ಮುರುಕು ಮಾತ್ರ. ಈ ವಿಚಾರದಲ್ಲಿ ಮನೆಯೊಳಗೆ ಇನ್ನೂ ಮಾತುಕತೆ ನಡೆಯುತ್ತಿದೆ, ಸ್ವಲ್ಪ ಜೋರಾಗಿಯೇ.