ಸತ್ಯಾಂಶ: ಪಾಚಿ ತಿನ್ನುವ ಮೀನಿದ್ದರೆ ತೊಟ್ಟಿ ತೊಳೆಯಬೇಕಿಲ್ಲವೇ?

‘ಅಕ್ವೇರಿಯಂ ತೊಟ್ಟಿಗೆ ಒಂದು ಸಕ್ಕರ್ ಮೀನು ಬಿಡಿ, ನೀರು ಬದಲಿಸುವ ಗೋಜೇ ಇಲ್ಲ, ಉಳಿದ ಮೀನುಗಳ ಮಲವೇ ಅದಕ್ಕೆ ಆಹಾರ’ ಎಂಬ ಸಂದೇಶ ತುಮಕೂರಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದೆ. ಇದು ಸುಳ್ಳು.

ಈ ಮೀನುಗಳು ಮಲ ತಿನ್ನುವುದಿಲ್ಲ; ತಾವೇ ಮಲ ಹಾಕುತ್ತವೆ. ಅದರಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದು, ತಿಳಿನೀರಿನಲ್ಲೂ ಮೀನನ್ನು ಕೊಲ್ಲುತ್ತದೆ. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ತೆಗೆದು, ಕ್ಲೋರಿನ್ ಹೋಗಲಾಡಿಸಿದ ನೀರನ್ನು ತುಂಬಲೇಬೇಕು.

ದಕ್ಷಿಣ ಅಮೆರಿಕದ ಪುಟ್ಟ ಕ್ಯಾಟ್‌ಫಿಷ್ ಓಟೋಸಿಂಕ್ಲಸ್ ನಿಜಕ್ಕೂ ಮೆತ್ತನೆಯ ಪಾಚಿ ಮೇಯುತ್ತದೆ. ಸುಮಾರು 4 ಸೆಂಟಿಮೀಟರ್ ಉದ್ದದ ಜೀವ, ಗುಂಪಿನಲ್ಲೇ ನೆಮ್ಮದಿ. ಕನಿಷ್ಠ 6 ಇರಲಿ. ಹೊಸ ತೊಟ್ಟಿಯಲ್ಲಿ ಪಾಚಿ ಸಾಲದೆ ಅದು ಹಸಿವಿನಿಂದ ಸಾಯುತ್ತದೆ. ಗಾಜಿಗೆ ಬಾಯಿ ಅಂಟಿಸಿಕೊಂಡಾಗ ಹೊರಗಿನಿಂದಲೇ ಹೊಟ್ಟೆ ನೋಡಿ: ಉಬ್ಬಿದ್ದರೆ ಸರಿ, ಒಳಗೆ ಸೇದಿಕೊಂಡಿದ್ದರೆ ಉಪವಾಸ. ಸೌತೆಕಾಯಿಯ ಬಿಲ್ಲೆಯನ್ನು ಕುದಿನೀರಿನಲ್ಲಿ ಸ್ವಲ್ಪ ಬಾಡಿಸಿ, ಆರಿಸಿ, ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ರಾತ್ರಿ ಮುಳುಗಿಸಿಡಿ. ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ.

ಅಂಗಡಿಯಲ್ಲಿ ಸಕ್ಕರ್ ಎಂದು ಕೊಡುವುದು ಸಾಮಾನ್ಯವಾಗಿ ಓಟೋಸಿಂಕ್ಲಸ್ ಅಲ್ಲ, ಬೇರೆಯದೇ ಮೀನು. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ದಯವಿಟ್ಟು ಅಮಾನಿಕೆರೆಗೆ ಬಿಡಬೇಡಿ. ಅಲ್ಲಿ ಅದು ಊರಿನ ಮೀನುಗಳ ಮೇವಿಗೂ ಮೊಟ್ಟೆಗೂ ಕುತ್ತು ತರುತ್ತದೆ, ಅಂಗಡಿಯವರಿಗೇ ಹಿಂತಿರುಗಿಸಿ.