ಎರಡು ಭಾಷೆ ಬೇಕೆನ್ನುವವರು ಎಷ್ಟು ಬೇಕೆಂದು ಏಕೆ ಹೇಳುವುದಿಲ್ಲ?

ಕಳೆದ ವಾರ ಒಂದು ಸಂಸ್ಥೆಯಿಂದ ‘ವಿಷಾದಿಸುತ್ತೇವೆ’ ಎಂಬ ಪತ್ರ ಬಂದಿತು. ಕೆನಡಾದ ರಾಜಧಾನಿ ಒಟ್ಟಾವಾಕ್ಕೆ ಬಂದು ಆರು ವರ್ಷಗಳಾಗಿವೆ, ಇಂತಹ ಪತ್ರಗಳು ನನಗೆ ಹೊಸತಲ್ಲ, ಕೆಲಸ ಸಿಗಲಿಲ್ಲವೆಂಬ ಕಾರಣಕ್ಕೆ ನಾನು ಇದನ್ನು ಬರೆಯುತ್ತಲೂ ಇಲ್ಲ. ಆ ಹುದ್ದೆಯ ಜಾಹೀರಾತಿನಲ್ಲಿ ಭಾಷೆಯ ಬಗ್ಗೆ ಇದ್ದದ್ದು ಒಂದೇ ಸಾಲು: ‘ಬೈಲಿಂಗ್ವಲ್ ಅಭ್ಯರ್ಥಿಗಳಿಗೆ ಆದ್ಯತೆ’. ಕೆನಡಾದಲ್ಲಿ ಈ ಪದಕ್ಕೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡನ್ನೂ ಬಲ್ಲವರು ಎಂಬುದೊಂದೇ ಅರ್ಥ. ಕನ್ನಡ, ತಮಿಳು, ಹಿಂದಿ, ಇಂಗ್ಲಿಷ್ ನಾಲ್ಕೂ ಬಲ್ಲವರು ಇಲ್ಲಿ ಆ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಫ್ರೆಂಚ್ ಬರುತ್ತದೆ, ಅದಕ್ಕೆ ಪ್ರಮಾಣಪತ್ರವೂ ಇದೆ, ಆದ್ದರಿಂದ ಅರ್ಜಿ ಹಾಕಿದೆ. ಆದರೆ ನಲವತ್ತು ನಿಮಿಷಗಳ ಸಂದರ್ಶನದಲ್ಲಿ ಮೂವತ್ತು ನಿಮಿಷ ಫ್ರೆಂಚಿನಲ್ಲೇ ನಡೆಯಿತು, ವಿಮೆಯ ಕರಾರಿನ ಷರತ್ತುಗಳನ್ನು ಓದಿ ಸಿಟ್ಟಾದ ಗ್ರಾಹಕನೊಬ್ಬನಿಗೆ ತಿಳಿಸಿ ಹೇಳುವಂತೆ ಕೇಳಿದರು, ಕೊನೆಯಲ್ಲಿ ‘ನಮಗೆ ಬೇಕಾದ ಮಟ್ಟ ನಿಮ್ಮಲ್ಲಿಲ್ಲ’ ಎಂದರು. ಯಾವ ಮಟ್ಟ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಮಟ್ಟ ಯಾವುದೆಂದು ನಿರ್ಧರಿಸದೆಯೇ ಜಾಹೀರಾತು ಕೊಟ್ಟು, ಬಂದವರನ್ನು ಆ ನಿರ್ಧಾರವಾಗದ ಮಟ್ಟಕ್ಕೆ ಅಳೆದು ಹಿಂದಕ್ಕೆ ಕಳುಹಿಸುವುದು ಯಾವ ನ್ಯಾಯ?

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ: ಫ್ರೆಂಚ್ ಬೇಕೆಂದು ಕೇಳುವುದರ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. 1969ರ ಅಧಿಕೃತ ಭಾಷೆಗಳ ಕಾಯ್ದೆಯಿಂದ ಫ್ರೆಂಚ್ ಮಾತನಾಡುವ ಕೆನಡಾದವರಿಗೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕು ಸಿಕ್ಕಿದೆ, ಅದನ್ನು ಅವರು ಬಿಟ್ಟುಕೊಡಬಾರದು. ನಮ್ಮೂರಿನ ಬ್ಯಾಂಕಿನ ಕೌಂಟರಿನಲ್ಲಿ ನನ್ನ ತಂದೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಪಾಸ್‌ಪುಸ್ತಕ ಹಿಡಿದು ಸುಮ್ಮನೆ ನಿಂತಿದ್ದನ್ನು ನಾನು ಕಂಡಿದ್ದೇನೆ. ಗ್ರಾಹಕನ ಭಾಷೆ ಬಲ್ಲವರನ್ನೇ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಎಂಬ ಮಾತು ಕನ್ನಡಿಗರಿಗೆ ಅರ್ಥವಾಗುವಷ್ಟು ಬೇರೆ ಯಾರಿಗೂ ಅರ್ಥವಾಗಲಾರದು. ಆ ಉದ್ದೇಶವನ್ನು ಗೌರವಿಸುವುದರಿಂದಲೇ ಅದರ ಹೆಸರಿನಲ್ಲಿ ಬರುತ್ತಿರುವ ಈ ಬೇಜವಾಬ್ದಾರಿ ಜಾಹೀರಾತುಗಳನ್ನು ಕಂಡರೆ ನನ್ನ ಮೈ ಉರಿಯುತ್ತದೆ.

ಭಾಷೆಯ ಮಟ್ಟವನ್ನು ಜಾಹೀರಾತಿನಲ್ಲಿ ಹೇಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಇಲ್ಲಿನ ಕೇಂದ್ರ ಸರ್ಕಾರದ ಹುದ್ದೆಗಳ ಪ್ರಕಟಣೆ ನೋಡಿ: ‘ಬಿಬಿಬಿ’ ಎಂದೋ ‘ಸಿಬಿಸಿ’ ಎಂದೋ ಮೂರು ಅಕ್ಷರಗಳಿರುತ್ತವೆ, ಮೊದಲನೆಯದು ಓದಿ ಗ್ರಹಿಸುವುದಕ್ಕೆ, ಎರಡನೆಯದು ಬರೆಯುವುದಕ್ಕೆ, ಮೂರನೆಯದು ಮಾತನಾಡುವುದಕ್ಕೆ. ‘ಎ’ ಎಂದರೆ ಆರಂಭದ ಹಂತ, ‘ಬಿ’ ಎಂದರೆ ನಡುವಿನದು, ‘ಸಿ’ ಎಂದರೆ ಮೇಲಿನದು. ಇಂಗ್ಲಿಷ್ ಸಾಕಾದ ಹುದ್ದೆಗೆ ಇಂಗ್ಲಿಷ್ ಸಾಕೆಂದು, ಎರಡರಲ್ಲಿ ಯಾವುದಾದರೊಂದು ಸಾಕಾದ ಹುದ್ದೆಗೆ ಹಾಗೆಂದೇ ಬರೆದಿರುತ್ತದೆ. 2025ರ ಜೂನ್‌ನಿಂದ ದ್ವಿಭಾಷಾ ಪ್ರದೇಶಗಳ ಮೇಲ್ವಿಚಾರಕರ ದ್ವಿಭಾಷಾ ಹುದ್ದೆಗಳಿಗೆ ಕನಿಷ್ಠ ಮಟ್ಟವನ್ನು ‘ಬಿಬಿಬಿ’ಯಿಂದ ‘ಸಿಬಿಸಿ’ಗೆ ಏರಿಸಿದರು. ಏರಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಆದರೆ ಏರಿಸಿದ್ದೇವೆ ಎಂದು ಬಹಿರಂಗವಾಗಿ ಹೇಳಿದರು. ಅರ್ಜಿ ಹಾಕುವವರು ತಮ್ಮ ಬಳಿ ಏನಿದೆ, ಏನಿಲ್ಲ ಎಂದು ತಾವೇ ನೋಡಿಕೊಂಡು ಮುಂದುವರಿಯಬಹುದು ಅಥವಾ ಅಲ್ಲಿಗೇ ಬಿಡಬಹುದು.

ನಾನು ಫ್ರೆಂಚ್ ಕಲಿತದ್ದು ಬೆಂಗಳೂರಿನ ವಸಂತನಗರದಲ್ಲಿ, ಫ್ರೆಂಚ್ ಕಲಿಸುವ ಸಂಸ್ಥೆಯಾದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ. ಆಗ ಬೆಂಗಳೂರಿನ ಕಂಪನಿಗಳಿಗೂ ಫ್ರಾನ್ಸಿನ ಗ್ರಾಹಕರ ಕರೆಗಳನ್ನು ನೋಡಿಕೊಳ್ಳಲು ಫ್ರೆಂಚ್ ಬಲ್ಲವರು ಬೇಕಾಗಿದ್ದರು. ನಾನು ಆಗ ನೋಡುತ್ತಿದ್ದ ಜಾಹೀರಾತುಗಳಲ್ಲಿ ‘ಬಿ2 ಅಥವಾ ಮೇಲ್ಪಟ್ಟು’ ಎಂದು ಯುರೋಪಿನ ಭಾಷಾ ಮಾನದಂಡದಂತೆ ಬೇಕಾದ ಮಟ್ಟ, ಕೆಲಸ ಕರೆ ಸ್ವೀಕರಿಸುವುದೋ ಇಮೇಲ್ ಬರೆಯುವುದೋ ಎಂಬ ವಿವರ, ಭಾಷೆಗೆಂದು ಪ್ರತ್ಯೇಕ ಭತ್ಯೆಯ ಮೊತ್ತ, ಇವಿಷ್ಟೂ ಇರುತ್ತಿದ್ದವು. ಫ್ರೆಂಚಿನ ಗಂಧಗಾಳಿ ಇಲ್ಲದ ನಮ್ಮ ಊರಿನಲ್ಲಿ ಸಾಧ್ಯವಾದದ್ದು ಫ್ರೆಂಚ್ ಅಧಿಕೃತ ಭಾಷೆಯಾಗಿರುವ ದೇಶದ ರಾಜಧಾನಿಯಲ್ಲಿ ಏಕೆ ಸಾಧ್ಯವಾಗುವುದಿಲ್ಲ?

ಇಲ್ಲಿ ಎರಡೂ ಭಾಷೆ ಬಲ್ಲವರೇನು ಬೀದಿಬೀದಿಯಲ್ಲಿ ಸಿಗುವುದಿಲ್ಲ. 2021ರ ಜನಗಣತಿಯ ಪ್ರಕಾರ ಇಡೀ ಕೆನಡಾದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಮಾತನಾಡಬಲ್ಲವರು ಶೇಕಡಾ 18, ಫ್ರೆಂಚ್ ಮಾತನಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಶೇಕಡಾ 46.4, ಅದರ ಹೊರಗೆ ಶೇಕಡಾ 9.5 ಮಾತ್ರ. ಹೀಗೆ ವಿರಳವಾದ ಕೌಶಲ ಬೇಕಾದವರು ಅದಕ್ಕೆ ತಕ್ಕ ಬೆಲೆ ಕೊಡಬೇಕು, ಅದು ಸಂತೆಯಲ್ಲಿ ತರಕಾರಿ ಮಾರುವವರಿಗೂ ಗೊತ್ತಿರುವ ಲೆಕ್ಕ. ಆದರೆ ನಾನು ಕಳೆದ ವರ್ಷ ಜೋಪಾನವಾಗಿ ಎತ್ತಿಟ್ಟುಕೊಂಡ ಜಾಹೀರಾತುಗಳಲ್ಲಿ ಭಾಷೆಗಾಗಿ ಪ್ರತ್ಯೇಕ ಮೊತ್ತ ನಮೂದಿಸಿದ್ದವು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ‘ಆಕರ್ಷಕ ವೇತನ’, ‘ಬಹುಸಂಸ್ಕೃತಿಯ ತಂಡ’, ‘ಬೆಳೆಯಲು ಅವಕಾಶ’ ಎಂದು ಮೂಗಿಗೆ ತುಪ್ಪ ಸವರುವ ಮಾತುಗಳು. ಈ ವಿಷಯದಲ್ಲಿ ಸರ್ಕಾರದ್ದೂ ದೊಡ್ಡ ಮನಸ್ಸಲ್ಲ, ದ್ವಿಭಾಷಾ ನೌಕರರಿಗೆ 1977ರಲ್ಲಿ ನಿಗದಿಯಾದ ವರ್ಷಕ್ಕೆ 800 ಡಾಲರ್ ಭತ್ಯೆ ದಶಕಗಳಿಂದ ಅಷ್ಟೇ ಇದೆ. ಆದರೂ ಅಲ್ಲಿ ಆ ಮೊತ್ತ ಎಲ್ಲರಿಗೂ ತಿಳಿದಿರುವಂಥದ್ದು.

ಬೆಲೆ ಕೊಡದೆ ಕೆಲಸ ತೆಗೆಯುವುದು ಹೇಗೆಂಬುದನ್ನು ನಾನು ಅನುಭವಿಸಿ ತಿಳಿದಿದ್ದೇನೆ. ಮೂರು ವರ್ಷಗಳ ಹಿಂದೆ ಪೀಠೋಪಕರಣ ಮಾರುವ ಒಂದು ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಸೇರಿದೆ. ಅವರ ಜಾಹೀರಾತಿನಲ್ಲಿ ಫ್ರೆಂಚ್ ‘ಇದ್ದರೆ ಒಳ್ಳೆಯದು’ ಎಂದಿತ್ತು. ಸೇರಿದ ಎರಡನೆಯ ವಾರದಿಂದಲೇ ಕ್ವಿಬೆಕ್‌ನಿಂದ ಬರುವ ಅಷ್ಟೂ ಕರೆಗಳನ್ನು ನನ್ನ ಕಡೆಗೆ ತಿರುಗಿಸಿದರು. ಪಕ್ಕದಲ್ಲಿ ಕುಳಿತು ಇಂಗ್ಲಿಷ್ ಕರೆಗಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದ ಸಹೋದ್ಯೋಗಿಗೂ ನನಗೂ ಗಂಟೆಗೆ ಸಂಬಳ ಒಂದೇ. ಕರೆಗಳ ನಡುವೆ ಬಿಡುವಿದ್ದಾಗ ಸೂಚನಾಪತ್ರಗಳನ್ನು ಫ್ರೆಂಚಿಗೆ ಅನುವಾದಿಸುವ ಕೆಲಸವೂ ನನ್ನ ಹೆಗಲಿಗೇ ಬಿತ್ತು. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಅನುವಾದದ ಸುದ್ದಿಯೇ ಇರಲಿಲ್ಲ.

ಒಮ್ಮೆ ಕ್ವಿಬೆಕ್‌ನ ಹಿರಿಯರೊಬ್ಬರು ಸೋಫಾವನ್ನು ‘ದಿನೇ’ ಮುಗಿದ ಮೇಲೆ ತಂದುಕೊಡಿ ಎಂದರು. ಪ್ಯಾರಿಸಿನ ಫ್ರೆಂಚ್ ಹೇಳಿಕೊಡುವ ಪಠ್ಯಪುಸ್ತಕದಲ್ಲಿ ‘ದಿನೇ’ ಎಂದರೆ ರಾತ್ರಿಯ ಊಟ, ಆದ್ದರಿಂದ ನಾನು ಸಂಜೆ ಕಳೆದ ಮೇಲಿನ ಸಮಯ ಬರೆದುಕೊಂಡೆ. ಕ್ವಿಬೆಕ್‌ನಲ್ಲಿ ಅದು ಮಧ್ಯಾಹ್ನದ ಊಟ. ರಾತ್ರಿಯ ಊಟಕ್ಕೆ ಅವರು ‘ಸೂಪೆ’ ಎನ್ನುತ್ತಾರೆ. ಆ ಹಿರಿಯರು ಮಧ್ಯಾಹ್ನ ಒಂದು ಗಂಟೆಯಿಂದ ಬಾಗಿಲ ಬಳಿ ಕಾದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ, ನಾನು ಕ್ಷಮೆ ಕೇಳಿದೆ. ಆದರೆ ಮೇಲಧಿಕಾರಿ ಅದನ್ನು ನನ್ನ ‘ಭಾಷಾ ಕೊರತೆ’ ಎಂದು ಕಡತದಲ್ಲಿ ಬರೆದಾಗ ನನಗೆ ತಡೆಯಲಾಗಲಿಲ್ಲ. ಕ್ವಿಬೆಕ್‌ನ ಆಡುಮಾತು ಬಲ್ಲವರು ಬೇಕೆಂದು ಜಾಹೀರಾತಿನಲ್ಲಿ ಹೇಳಿರಲಿಲ್ಲ, ತರಬೇತಿ ಕೊಟ್ಟಿರಲಿಲ್ಲ, ಹೆಚ್ಚಿನ ಸಂಬಳವೂ ಇರಲಿಲ್ಲ. ‘ಇದ್ದರೆ ಒಳ್ಳೆಯದು’ ಎಂದು ಬರೆದ ಅದೇ ಫ್ರೆಂಚ್ ಕಡಿಮೆಯಾಯಿತೆಂದು ದಂಡಿಸುವ ಅಧಿಕಾರ ಇವರಿಗೆ ಎಲ್ಲಿಂದ ಬಂದಿತು?

ಪರೀಕ್ಷೆಗಳ ಕಥೆಯನ್ನೂ ಹೇಳಲೇಬೇಕು, ಏಕೆಂದರೆ ಬೆಂಗಳೂರು, ಮೈಸೂರುಗಳಿಂದ ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಅನೇಕರು ಈಗ ಫ್ರೆಂಚ್ ತರಗತಿಗಳಿಗೆ ಸೇರುತ್ತಿದ್ದಾರೆ. 2023ರಿಂದ ಕೆನಡಾ ಸರ್ಕಾರ ಫ್ರೆಂಚ್ ಬಲ್ಲವರನ್ನು ಪ್ರತ್ಯೇಕ ಸುತ್ತುಗಳಲ್ಲಿ ಕಾಯಂ ನಿವಾಸಕ್ಕೆ ಆಹ್ವಾನಿಸುತ್ತಿದೆ, ವಯಸ್ಸು, ಓದು, ಅನುಭವ, ಭಾಷೆಗಳಿಗೆ ಕೊಡುವ ಅಂಕಗಳೂ ಅಲ್ಲಿ ಇತರ ಸುತ್ತುಗಳಿಗಿಂತ ಬಹಳ ಕಡಿಮೆಯಿದ್ದರೆ ಸಾಕು. ಆದರೆ ಅದಕ್ಕೆ ಟಿಇಎಫ್ ಅಥವಾ ಟಿಸಿಎಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಕೆನಡಾ ಆವೃತ್ತಿಯೇ ಆಗಬೇಕು, ಅದರ ಅಂಕಪಟ್ಟಿಗೆ ಎರಡೇ ವರ್ಷಗಳ ಆಯಸ್ಸು. ನಾನು ಬೆಂಗಳೂರಿನಲ್ಲಿ ರಾತ್ರಿಗಳನ್ನು ಸವೆಸಿ ಪಡೆದ ಡಿಇಎಲ್‌ಎಫ್ ಎಂಬ ಫ್ರೆಂಚ್ ಪರೀಕ್ಷೆಯ ಪ್ರಮಾಣಪತ್ರಕ್ಕೆ ಕಾಲಮಿತಿಯಿಲ್ಲ, ಆದರೆ ವಲಸೆ ಇಲಾಖೆಗೆ ಅದು ಬೇಡ. ಕೇಂದ್ರ ಸರ್ಕಾರದ ಕೆಲಸಕ್ಕೆ ಈ ಎರಡೂ ನಡೆಯುವುದಿಲ್ಲ, ಅವರದೇ ಪರೀಕ್ಷೆ ಬರೆಯಬೇಕು. ಖಾಸಗಿಯವರು ಯಾವ ಪ್ರಮಾಣಪತ್ರವನ್ನೂ ತೆರೆದು ನೋಡದೆ ಫೋನಿನಲ್ಲಿ ಐದು ನಿಮಿಷ ಮಾತನಾಡಿಸಿ, ಉಚ್ಚಾರಣೆ ಕಿವಿಗೆ ಹಿತವಾಯಿತೇ ಇಲ್ಲವೇ ಎಂದು ತೀರ್ಮಾನಿಸುತ್ತಾರೆ. ಜಾಹೀರಾತಿನಲ್ಲಿ ಮಟ್ಟವನ್ನು ಬರೆಯದಿರುವುದು ಅವರಿಗೆ ಏಕೆ ಅನುಕೂಲವೆಂಬುದು ಇಲ್ಲಿ ತಿಳಿಯುತ್ತದೆ: ಮಟ್ಟವನ್ನು ಬರೆದರೆ ಆ ಮಟ್ಟ ಮುಟ್ಟಿದವರನ್ನು ತಿರಸ್ಕರಿಸಲು ಕಾರಣ ಕೊಡಬೇಕಾಗುತ್ತದೆ.

ಕಾನೂನು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಒಟ್ಟಾವಾ ನದಿಯ ಸೇತುವೆ ದಾಟಿದರೆ ಸಾಕು. ಆಚೆ ದಡದ ಗಟಿನೋ ನಗರ ಕ್ವಿಬೆಕ್‌ಗೆ ಸೇರಿದ್ದು. ಅಲ್ಲಿ 1977ರ ಫ್ರೆಂಚ್ ಭಾಷಾ ಸನ್ನದಿಗೆ 2022ರಲ್ಲಿ ತಂದ ತಿದ್ದುಪಡಿಯಂತೆ, ಫ್ರೆಂಚಿನ ಜೊತೆಗೆ ಇಂಗ್ಲಿಷನ್ನೋ ಬೇರೊಂದು ಭಾಷೆಯನ್ನೋ ಬೇಡುವ ಉದ್ಯೋಗದಾತನು ಆ ಹುದ್ದೆಗೆ ಅದರ ಅಗತ್ಯ ನಿಜವಾಗಿಯೂ ಇದೆಯೇ ಎಂದು ಮೊದಲು ಪರಿಶೀಲಿಸಬೇಕು, ಈಗಿರುವ ನೌಕರರಿಂದ ಅದು ಸಾಗುವುದಿಲ್ಲವೇ ಎಂದು ನೋಡಬೇಕು, ಅನಂತರ ಕಾರಣವನ್ನು ಜಾಹೀರಾತಿನಲ್ಲೇ ತಿಳಿಸಬೇಕು. ಆ ಕಾನೂನು ಫ್ರೆಂಚನ್ನು ಕಾಪಾಡಲು ಬಂದದ್ದು, ನನ್ನಂಥವರಿಗಾಗಿ ಅಲ್ಲ. ಆದರೂ ‘ಈ ಭಾಷೆ ಏಕೆ ಬೇಕು’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲೇಬೇಕು. ಒಟ್ಟಾವಾ ಇರುವ ಈಚೆ ದಡದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತುಗಳಲ್ಲಿ ಸಂಬಳದ ವ್ಯಾಪ್ತಿಯನ್ನು ತಿಳಿಸಬೇಕು, ಹುದ್ದೆ ನಿಜವಾಗಿ ಖಾಲಿ ಇದೆಯೇ ಎಂದು ಹೇಳಬೇಕು, ‘ಕೆನಡಾದ ಅನುಭವ’ ಬೇಕೆಂದು ಕೇಳಬಾರದು. ವಲಸಿಗರನ್ನು ವರ್ಷಗಟ್ಟಲೆ ಕಾಡಿದ ಆ ಕೊನೆಯ ಷರತ್ತು ಹೋದದ್ದು ದೊಡ್ಡ ಸಂಗತಿ. ಸಂಬಳಕ್ಕೆ ಒಂದು ಸಾಲು ಕಡ್ಡಾಯವಾದ ಮೇಲೆ ಭಾಷೆಯ ಮಟ್ಟಕ್ಕೆ ಇನ್ನೊಂದು ಸಾಲು ಸೇರಿಸಲು ಯಾರಿಗೆ ಏನು ನಷ್ಟ?

ನಾನು ಬಯಸುವುದು ಬಹಳವೇನಲ್ಲ. ದಿನಕ್ಕೆ ಎಷ್ಟು ಹೊತ್ತು ಫ್ರೆಂಚ್ ಬಳಸಬೇಕು, ಮಾತಿಗೋ ಬರಹಕ್ಕೋ, ಯಾವ ಮಟ್ಟದಲ್ಲಿ, ಅದಕ್ಕೆಂದು ಎಷ್ಟು ಹಣ. ಇಷ್ಟು ತಿಳಿದಿದ್ದರೆ ನಾನು ಆ ವಿಮೆಯ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇರಲಿಲ್ಲ. ಅವರ ಸಮಯವೂ ಉಳಿಯುತ್ತಿತ್ತು, ಅರ್ಧ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಹೋದ ನನ್ನ ಸಮಯವೂ ಉಳಿಯುತ್ತಿತ್ತು.

ಅವರ ಪತ್ರಕ್ಕೆ ಮರುದಿನವೇ ಉತ್ತರ ಬರೆದೆ, ಇಂಗ್ಲಿಷಿನಲ್ಲಿ ಒಮ್ಮೆ, ಅದರ ಕೆಳಗೆ ಫ್ರೆಂಚಿನಲ್ಲಿ ಒಮ್ಮೆ, ತಾವು ಬಯಸುವ ಮಟ್ಟ ಯಾವುದೆಂದು ದಯವಿಟ್ಟು ತಿಳಿಸಿ ಎಂದು. ಇದುವರೆಗೆ ಯಾವ ಭಾಷೆಯಲ್ಲೂ ಉತ್ತರ ಬಂದಿಲ್ಲ. ನಿನ್ನೆ ಬೆಳಿಗ್ಗೆ ಅದೇ ಹುದ್ದೆಯ ಜಾಹೀರಾತು ಮತ್ತೆ ಕಾಣಿಸಿತು. ‘ಬೈಲಿಂಗ್ವಲ್ ಅಭ್ಯರ್ಥಿಗಳಿಗೆ ಆದ್ಯತೆ’ ಎಂಬ ಸಾಲಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.